ದೀಪ ಕೇಳಿದ ಅಜ್ಜನಿಂದ ಶುರು ಮಾಡಿ

ಪ್ರಿಯ ಲೇಖಕಿಗೆ,

ತೊಗಲುಗೊಂಬೆ ಪ್ರದರ್ಶನದ ಬಗ್ಗೆ ನೀವು ಕಳಿಸಿದ ‘ಕಲೆಯಿಂದ ಸಮುದಾಯದವರೆಗೆ: ನನ್ನ ಪಯಣ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆವು. ಹಾಗೆಂದು ವಾಪಸು ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಅದಕ್ಕೆ ಕಾರಣ ನಿಮ್ಮ ಐದನೆಯ ಪುಟ.

ಮೊದಲ ನಾಲ್ಕು ಪುಟಗಳಲ್ಲಿ ಚಿತ್ರಕಲೆಯ ಪದವಿ, ಕಲಾ ಇತಿಹಾಸದ ಎಂ.ಎ., ಕಲಾಪ್ರದರ್ಶನ ಜೋಡಿಸುವ ಕ್ಯುರೇಟರ್ ತರಬೇತಿ, ಫೆಲೋಶಿಪ್ ಸಾಲಾಗಿ ನಿಂತಿವೆ. ಕೆಲಸದ ಅರ್ಜಿಯಾದರೆ ಸರಿ. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದಕ್ಕೆ ಒಂದು ಸಾಲು, ನಿಮ್ಮ ಫೆಲೋಶಿಪ್‌ಗೆ ಎರಡು ಪ್ಯಾರಾ!

‘ತೊಗಲುಗೊಂಬೆ ಗ್ಯಾಲರಿಗೆ ಬಂದದ್ದು ಇದೇ ಮೊದಲು’ ಎಂಬ ಮಾತನ್ನು ತೆಗೆಯಿರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಕಲೆಹಾಕಿದ ಗೊಂಬೆಗಳು ಅಲ್ಲಿ ನೀವು ಹುಟ್ಟುವ ಮೊದಲಿನಿಂದಲೂ ಇವೆ. ‘ದನಿಯಿಲ್ಲದವರಿಗೆ ದನಿ’ಯೂ ಬೇಡ. ಈ ಗೊಂಬೆಯಾಟದ ಹಾಸ್ಯಪಾತ್ರಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಪರದೆಗೆ ಬಂದರೆ ಯಾರನ್ನೂ ಬಿಡದೆ ಆಡಿಕೊಳ್ಳುತ್ತಾರೆ. ನಿಮ್ಮ ಆ ವಾಕ್ಯ ಅವರ ಕೈಗೆ ಸಿಕ್ಕಿದ್ದರೆ ಬೆಳಗಾಗುವವರೆಗೆ ನಗಿಸುತ್ತಿದ್ದರು.

ಈಗ ಐದನೆಯ ಪುಟ. ನೀವು ಏರ್ಪಡಿಸಿದ ಪ್ರದರ್ಶನಕ್ಕೆ ಬಂದ ಕಲಾವಿದ ಅಜ್ಜ, ಬಿಳಿ ಗೋಡೆಯ ಮೇಲೆ ಗಾಜಿನೊಳಗಿದ್ದ ತಮ್ಮ ಮನೆತನದ ರಾವಣನ ಗೊಂಬೆಯ ಮುಂದೆ ನಿಂತು, ‘ದೀಪ ಎಲ್ಲಿದೆ ತಾಯಿ?’ ಎಂದು ಕೇಳುತ್ತಾರೆ. ಮುಂದಿನ ವಾಕ್ಯದಲ್ಲೇ ನೀವು ‘ಕ್ಯುರೇಷನ್‌ನ ಸಿದ್ಧಾಂತ’ಕ್ಕೆ ಓಡಿಹೋಗಿದ್ದೀರಿ. ಯಾಕೆ? ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡುವುದು, ಒಡವೆಗಳ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆಯುವುದು, ಎಲ್ಲವೂ ಆಟದಲ್ಲಿ ಗೊಂಬೆಯ ಹಿಂದೆ ಉರಿಯುವ ದೀಪಕ್ಕಾಗಿ. ಮುಂದಿನಿಂದ ಬೆಳಕು ಬಿಟ್ಟರೆ ಕೆಂಪು ಮಂಕಾಗುತ್ತದೆ, ರಾವಣನ ಕಿರೀಟದ ಕೆತ್ತನೆ ಕಾಣುವುದೇ ಇಲ್ಲ. ಇತ್ತ, ಹೆಚ್ಚು ಬೆಳಕಿಗೆ ಹಳೆಯ ಬಣ್ಣ ಮಾಸುತ್ತದೆ ಎಂದು ನಿಮಗೆ ತರಗತಿಯಲ್ಲಿ ಕಲಿಸಿರುತ್ತಾರೆ, ಅದೂ ಸುಳ್ಳಲ್ಲ. ಎರಡೂ ನಿಜವಾಗಿರುವ ಈ ಇಕ್ಕಟ್ಟೇ ನಿಮ್ಮ ಲೇಖನ. (ನನ್ನ ಎಂ.ಎ. ಪ್ರಬಂಧದಲ್ಲೂ ಇಂಥದ್ದೊಂದು ಪ್ರಶ್ನೆ ಅಡಿಟಿಪ್ಪಣಿಯಲ್ಲಿ ಹೂತುಹೋಗಿದೆ. ಇಂದಿಗೂ ಆ ಪುಟ ತೆರೆಯಲು ನಾಚಿಕೆ.)

ಅಜ್ಜನಿಂದ ಶುರು ಮಾಡಿ, ಸಾವಿರ ಪದಗಳೊಳಗೆ ಬರೆದು ಕಳಿಸಿ. ನಿಮ್ಮ ಓದು ಎಲ್ಲಿ ಬೇಕೋ ಅಲ್ಲಿ ತಾನಾಗಿ ಬರಲಿ. ಅಜ್ಜನ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರಿ, ಗಾಜು ತೆಗೆಸಿದಿರೋ ಇಲ್ಲವೋ, ಎಲ್ಲಿಯೂ ಹೇಳಿಲ್ಲ. ಅದನ್ನು ಮರೆಯಬೇಡಿ.

ವಿಶ್ವಾಸದಿಂದ,
ಸಂಪಾದಕ