ಕಾಲು ನೆಲ ಮುಟ್ಟಲಿ

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಪೆಟ್ಟಿನಿಂದ ಬರುವ ಚಲನೆಯ ತೊಂದರೆ), ಎರಡೂ ಕಾಲು ಬಿಗಿ. ಮಾತು, ಲೆಕ್ಕ ಎಲ್ಲ ಚುರುಕು. ವಾರಕ್ಕೆ ಮೂರು ದಿನ ಅರ್ಧ ಶಾಲೆ ಬಿಡಿಸಿ, ಲೋಕಲ್‌ನಲ್ಲಿ ಎತ್ತಿಕೊಂಡು ಥೆರಪಿಗೆ ಹೋಗುತ್ತೇನೆ. ‘ಬರೆಯೋದೇ ಇಲ್ಲ, ಥೆರಪಿ ಮುಗಿಸಿ ಮುಂದಿನ ವರ್ಷ ಕರ್ಕೊಂಡು ಬನ್ನಿ’ ಎನ್ನುತ್ತಾರೆ ಶಾಲೆಯವರು. ಏನು ಮಾಡಲಿ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಶಾಲೆ ಬಿಡಿಸಬೇಡಿ ತಾಯಿ. ಈ ಥೆರಪಿ ಮುಗಿಯುವಂಥದ್ದಲ್ಲ. ಮೆದುಳಿಗಾದ ಪೆಟ್ಟು ಹೆಚ್ಚುವುದಿಲ್ಲ, ಆದರೆ ಮಗು ಎತ್ತರ ಬೆಳೆದಂತೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ವ್ಯಾಯಾಮ ವರ್ಷಗಟ್ಟಲೆ ನಡೆಯಬೇಕು. ಅದು ಮುಗಿಯಲಿ ಎಂದು ಕಾದರೆ ಓದು ಶುರುವಾಗುವುದು ಯಾವಾಗ?

ನಾನು ಮುಂಬಯಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕೂರುವುದು, ಬರೆಯುವುದು, ಉಣ್ಣುವುದು ಮುಂತಾದ ದಿನನಿತ್ಯದ ಕೆಲಸ ಮಾಡಲು ನೆರವಾಗುವವಳು. ಒಮ್ಮೆ ಮುಲುಂಡಿನ ಶಾಲೆಯೊಂದರಲ್ಲಿ ‘ಬರೆಯದ’ ಹುಡುಗಿಯನ್ನು ನೋಡಲು ಕರೆದರು. ಅವಳ ಕಾಲು ನೆಲದಿಂದ ಒಂದು ಗೇಣು ಮೇಲೆ ನೇತಾಡುತ್ತಿತ್ತು. ಜಾರಿ ಬೀಳಬಾರದೆಂದು ಎಡಗೈ ಬೆಂಚಿನ ಅಂಚನ್ನು ಕಚ್ಚಿ ಹಿಡಿದಿತ್ತು, ಬೆರಳ ತುದಿ ಬೆಳ್ಳಗಾಗಿತ್ತು. ಪಾಪ, ಮಗುವಿನ ಶಕ್ತಿಯೆಲ್ಲ ಕೂರುವುದಕ್ಕೇ ಖರ್ಚು! ಸ್ಟಾಫ್ ರೂಮಿನ ರದ್ದಿ ಪೇಪರನ್ನು ಸುತಳಿಯಿಂದ ಬಿಗಿದು ಕಾಲ ಕೆಳಗಿಟ್ಟೆವು. ದಪ್ಪ ಫೈಲನ್ನು ಇಳಿಜಾರಾಗಿಟ್ಟು ಹಾಳೆಗೆ ಟೇಪ್ ಅಂಟಿಸಿದೆವು, ಪೆನ್ಸಿಲಿಗೆ ಬಟ್ಟೆ ಸುತ್ತಿದೆವು. ಸ್ವಲ್ಪ ಹೊತ್ತಿಗೆ ಎಡಗೈ ತಾನಾಗಿ ಬೆಂಚು ಬಿಟ್ಟು ಹಾಳೆಯ ಮೇಲೆ ಬಂತು. ಅದನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ನಿಮ್ಮ ಮಗ ತರಗತಿಯಲ್ಲಿ ಹೇಗೆ ಕೂರುತ್ತಾನೆ, ಬದಿಯಿಂದ ಫೋಟೊ ತೆಗೆದು ನಿಮ್ಮ ಥೆರಪಿಸ್ಟಿಗೆ ತೋರಿಸಿ. ಬೆಂಚಿನ ಎತ್ತರ, ಮೆಟ್ಟಿಲು, ಶೌಚಾಲಯದ ಹಿಡಿಕೆ, ಶಾಲೆಯಲ್ಲಿ ಸ್ಪ್ಲಿಂಟ್ (ಕಾಲನ್ನು ನೇರವಾಗಿ ಹಿಡಿದಿಡುವ ಪಟ್ಟಿ) ಎಷ್ಟು ಹೊತ್ತು ಹಾಕಬೇಕು ಎಂಬುದನ್ನೆಲ್ಲ ಅವರಿಂದ ಬರೆಸಿಕೊಳ್ಳಿ. ಥೆರಪಿಯ ವೇಳೆ ಸಂಜೆಗೋ ಶನಿವಾರಕ್ಕೋ ಬದಲಾದೀತೇ ಎಂದೂ ಕೇಳಿ.

ಈ ಅನುಕೂಲ ಶಾಲೆಯ ದಯೆಯಲ್ಲ. ಸರ್ಕಾರದ ಮಾನ್ಯತೆ ಇರುವ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಂಡು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಶೇ. 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕೂ ಇದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಆಗಿರದಿದ್ದರೆ ಈಗಲೇ ಮಾಡಿಸಿ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನದು, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಸ್ಪ್ಲಿಂಟ್ ತಪಾಸಣೆಗೆ ಹಾಜಿ ಅಲಿಯ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆಗೆ ಹೋಗಬಹುದು.

ಶಾಲೆಗೆ ಬಾಯಲ್ಲಿ ಹೇಳಿ ಬರಬೇಡಿ. ಥೆರಪಿಸ್ಟ್ ಬರೆದ ಚೀಟಿ ಲಗತ್ತಿಸಿ, ಮರಾಠಿಯಲ್ಲೇ ಅರ್ಜಿ ಕೊಡಿ. ನಿಮ್ಮ ಪ್ರತಿಯ ಮೇಲೆ ಶಾಲೆಯ ಶಿಕ್ಕಾ ಹಾಕಿಸಿಕೊಂಡೇ ಬನ್ನಿ.