ಕುದುರೆ ಹತ್ತಿರ ಬಂದರೆ ಕೈ ನಡುಗುತ್ತದೆ, ಏನು ಮಾಡಲಿ?

ಪ್ರಶ್ನೆ: 12 ವರ್ಷದಿಂದ ಸವಾರಿ ಮಾಡುತ್ತಿದ್ದೆ. 14 ತಿಂಗಳ ಹಿಂದೆ ಕುದುರೆ ಬೆದರಿ ನನ್ನನ್ನು ಕೆಡವಿತು, ಸೊಂಟದ ಮೂಳೆ ಮುರಿಯಿತು. ಈಗ ಸವಾರಿ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ಗೊರಸಿನ ಸದ್ದು ಕೇಳಿದರೇ ಬೆವರುತ್ತೇನೆ. ಬಿದ್ದ ಕೂಡಲೇ ಮತ್ತೆ ಹತ್ತಬೇಕಿತ್ತು, ತಡ ಮಾಡಿದ್ದಕ್ಕೇ ಹೀಗಾಯಿತು ಅನ್ನುತ್ತಾರೆ ಎಲ್ಲರೂ. ನಾನು ಹೇಡಿಯಾ?

ಉತ್ತರ: ಮುರಿದ ಸೊಂಟ ಇಟ್ಟುಕೊಂಡು ಕೂಡಲೇ ಹತ್ತುವುದು ಹೇಗೆ ಅಂತ ಅವರೇ ತೋರಿಸಲಿ! ಧೂಳು ಕೊಡವಿಕೊಂಡು ಏಳುವಂಥ ಬೀಳುವಿಕೆಗೆ ಆ ಮಾತು ಸರಿ. ತಲೆಗೆ ಪೆಟ್ಟು ಬಿದ್ದವರಿಗಂತೂ ಅದು ಅಪಾಯದ ಸಲಹೆ. ನೀವು ಹೇಡಿಯಲ್ಲ. ಸುಮಾರು 500 ಕಿಲೋ ತೂಗುವ ಪ್ರಾಣಿ ಏನು ಮಾಡಬಲ್ಲದು ಅಂತ ನಿಮ್ಮ ಮೈಗೆ ಗೊತ್ತಾಗಿದೆ, ಅಷ್ಟೇ.

ನನಗೂ ಒಮ್ಮೆ ಒಂದು ಹೆಣ್ಣು ಕುದುರೆಯಿಂದ ಒದೆ ಬಿದ್ದಿದೆ, ಎರಡು ಪಕ್ಕೆಲುಬು ಹೋದವು. ತಪ್ಪು ನನ್ನದೇ. ಕುದುರೆಯ ಕಣ್ಣು ತಲೆಯ ಅಕ್ಕಪಕ್ಕ ಇರುವುದರಿಂದ ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ, ಆದರೆ ಬಾಲದ ನೇರ ಹಿಂದೆ ಕಾಣುವುದಿಲ್ಲ, ನಾನು ಬಕೆಟ್ ಹಿಡಿದು ಸದ್ದಿಲ್ಲದೆ ಅಲ್ಲೇ ಹೋಗಿ ನಿಂತಿದ್ದೆ. ವಾಸಿಯಾದ ಮೇಲೆ ಎಷ್ಟೋ ದಿನ ಬೇಲಿಯಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿರುತ್ತಿದ್ದೆ. ಆ ಹೆಣ್ಣು ಕುದುರೆ ಹುಲ್ಲು ಮೇಯುತ್ತಾ ಒಂದು ಕಿವಿಯನ್ನು ನನ್ನ ಕಡೆ ತಿರುಗಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕಿವಿ ಪಕ್ಕಕ್ಕೆ ಜೋಲುತ್ತಿತ್ತು, ಕೆಳತುಟಿ ಸಡಿಲವಾಗುತ್ತಿತ್ತು, ಒಂದು ಹಿಂಗಾಲನ್ನು ಗೊರಸಿನ ತುದಿಯ ಮೇಲೆ ಊರಿ ತೂಕಡಿಸುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನ್ನ ಹೆಗಲೂ ಇಳಿಯುತ್ತಿತ್ತು.

ನೀವೂ ಹಾಗೇ ನೆಲದಿಂದಲೇ ಶುರು ಮಾಡಿ. ಕೆಡವಿದ ಕುದುರೆಯೇ ಬೇಕು ಅನ್ನುವ ಹಟ ಬೇಡ, ವಯಸ್ಸಾದ, ಯಾವುದಕ್ಕೂ ಬೆಚ್ಚದ ಒಂದನ್ನು ಆರಿಸಿ. ಕಿವಿ ಚಪ್ಪಟೆಯಾಗಿ ಹಿಂದಕ್ಕೆ ಒತ್ತಿದ್ದರೆ ಆ ದಿನ ಬಿಟ್ಟುಬಿಡಿ. ಭುಜದ ಹತ್ತಿರ ನಿಂತು ಬ್ರಶ್ ಮಾಡಿ, ನಾಲ್ಕು ಹೆಜ್ಜೆ ನಡೆಸಿ, ಹಗ್ಗವನ್ನು ಮಾತ್ರ ಕೈಗೆ ಸುತ್ತಿಕೊಳ್ಳಬೇಡಿ. ಭಯಕ್ಕೆ ಹತ್ತರಲ್ಲಿ ಅಂಕ ಕೊಡಿ. ಮೂರೋ ನಾಲ್ಕೋ ಇದ್ದರೆ ಅದು ಇಳಿಯುವ ತನಕ ಅಲ್ಲೇ ಇರಿ. ಏಳು ದಾಟಿದರೆ ಓಡಿಹೋಗಬೇಡಿ, ಕೆಲವು ಹೆಜ್ಜೆ ಹಿಂದೆ ಬಂದು ಎದೆಬಡಿತ ತಣ್ಣಗಾದ ಮೇಲೆ ಮನೆಗೆ ಹೋಗಿ. ಜಾಸ್ತಿ ಧೈರ್ಯ ತೋರಿಸಲು ಹೋಗಿ ಇನ್ನೊಮ್ಮೆ ಬೆಚ್ಚಿಬಿದ್ದರೆ ತಿಂಗಳ ಕೆಲಸ ನೀರುಪಾಲು.

2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಕುದುರೆ ನಡೆಸುವವರಿಗೆ, ಸವಾರರಿಗೆ 'ಈ ಸಲ ಪಕ್ಕದಲ್ಲಿ ಛತ್ರಿ ಬಿಚ್ಚುತ್ತೇವೆ' ಅಂತ ಹೇಳಿದರು. ಬಿಚ್ಚಲೇ ಇಲ್ಲ. ಆದರೂ ಜನರ ಎದೆಬಡಿತ ಏರಿತು, ಏನೂ ಗೊತ್ತಿಲ್ಲದ ಕುದುರೆಗಳದ್ದೂ ಏರಿತು! ಹೆದರಿದಾಗ ನಾವು ಉಸಿರು ಹಿಡಿಯುತ್ತೇವೆ, ತೊಡೆ ಬಿಗಿಯುತ್ತೇವೆ, ಹಿಮ್ಮಡಿ ಒತ್ತುತ್ತೇವೆ, ಕುದುರೆಗೆ ಅದು 'ಹೊರಡು' ಅಂದ ಹಾಗೆ ಅಲ್ವಾ? ಅದಕ್ಕೇ ಜೀನಿನ ಮೇಲೆ ಕೂತಾಗ ಜೋರಾಗಿ ಹಾಡಿ. ರಾಗ ಕೆಟ್ಟರೂ ಪರವಾಗಿಲ್ಲ, ಉಸಿರು ಕಟ್ಟಿ ಹಾಡಲು ಆಗುವುದಿಲ್ಲವಲ್ಲ.

ಮೊದಲ ದಿನ ಉದ್ದ ಹಗ್ಗ ಟ್ರೇನರ್ ಕೈಯಲ್ಲಿರಲಿ. ಹತ್ತಿ, ಒಂದು ನಿಮಿಷ ಕೂತು, ಇಳಿಯಿರಿ. ಸಾಕು. ಬಿದ್ದಾಗ ಹಾಕಿದ್ದ ಹೆಲ್ಮೆಟ್ ಇನ್ನೂ ಇದ್ದರೆ ಬಿಸಾಡಿ, ಹೊರಗೆ ಬಿರುಕು ಕಾಣದಿದ್ದರೂ ಒಳಪದರ ಜಜ್ಜಿಹೋಗಿರಬಹುದು. ರಿಕಾಪಿನಲ್ಲಿ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆ) ಪಾದ ಸಿಕ್ಕಿಕೊಳ್ಳದಂತೆ ಹಿಮ್ಮಡಿ ಇರುವ ಬೂಟು ಹಾಕಿ.

ಒಂದು ವಿಷಯ ನೀವು ಬರೆದಿಲ್ಲ. ಬಿದ್ದ ಕ್ಷಣ ಪದೇಪದೇ ಕಣ್ಣಮುಂದೆ ಬರುತ್ತದಾ? ರಾತ್ರಿ ಬೆಚ್ಚಿ ಏಳುತ್ತೀರಾ? ಹೌದಾದರೆ ಅದು ಟ್ರೇನರ್ ಕೆಲಸವಲ್ಲ, ಇಂಥ ಆಘಾತಕ್ಕೆ ಚಿಕಿತ್ಸೆ ಕೊಟ್ಟು ಅನುಭವವಿರುವ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ. 14 ತಿಂಗಳು ಕಾದಿದ್ದು ಸಾಕು.

ಇಷ್ಟಾಗಿಯೂ ಬ್ರಶ್ ಮಾಡುವುದೇ ಸಾಕು, ಸವಾರಿ ಬೇಡ ಅನ್ನಿಸಿದರೆ ಅದೂ ಸರಿಯೇ. ನನಗಂತೂ ಭಯ ಪೂರ್ತಿ ಹೋಗಿಲ್ಲ. ಆ ಹೆಣ್ಣು ಕುದುರೆಯ ಹಿಂದೆ ಹಾದು ಹೋಗುವಾಗ ಈಗಲೂ ಏನಾದರೂ ಮಾತಾಡುತ್ತಾ, ಅದರ ಮೈ ಮೇಲೆ ಕೈ ಸವರಿಕೊಂಡೇ ಹೋಗುತ್ತೇನೆ.