ಆರ್ಡರ್ ಭರ್ತಿ, ಗಲ್ಲಾಪೆಟ್ಟಿಗೆ ಖಾಲಿ

ಡೆಟ್ರಾಯಿಟ್‌ನ ರೈಲ್ವೆ ವ್ಯಾಗನ್ ತಯಾರಕರಾದ ಹೆಕರ್ ಮತ್ತು ಫ್ರೀಯರ್ ಅವರ ಬಗ್ಗೆ ಓದುತ್ತಾ, ಹತ್ತೊಂಬತ್ತನೇ ಶತಮಾನದ ಅಂಥ ಪಾಲುದಾರರ ಪತ್ರಗಳಲ್ಲಿ ವ್ಯಾಗನ್‌ಗಿಂತ ನೋಟು, ಬ್ಯಾಂಕು, ಬಡ್ಡಿಯ ಮಾತೇ ಏಕೆ ಹೆಚ್ಚು ಎಂದು ಕೇಳಿದ್ದೀರಿ. ಅದರಲ್ಲಿ ಅಚ್ಚರಿಯೇನೂ ಇಲ್ಲ. ಮರ, ಎರಕದ ಚಕ್ರ, ಕೂಲಿ ಇವಕ್ಕೆಲ್ಲ ಕೈಯಿಂದ ಹಣ ಹಾಕಬೇಕು. ರೈಲ್ವೆ ಕಂಪನಿ ಮಾತ್ರ ಎಷ್ಟೋ ಸಲ ಪ್ರಾಮಿಸರಿ ನೋಟು, ಅಂದರೆ ಇಂಥ ದಿನ ಹಣ ಕೊಡುತ್ತೇನೆಂಬ ಚೀಟಿ, ಬರೆದುಕೊಟ್ಟು ಸುಮ್ಮನಾಗುತ್ತಿತ್ತು. ಆ ನೋಟಿನ ಬೆನ್ನಿಗೆ ತಯಾರಕ ಸಹಿ ಹಾಕಿ ಬ್ಯಾಂಕಿಗೆ ಕೊಟ್ಟರೆ, ಬ್ಯಾಂಕು ವಟ್ಟ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿತ್ತು. ರೈಲ್ವೆ ದಿವಾಳಿಯಾದರೆ? ಸಹಿ ಹಾಕಿದವನ ಕೊರಳಿಗೇ ಉರುಳು. 1873ರಲ್ಲಿ, ರೈಲ್ವೆಗೆ ಹಣ ಹೂಡಿದ್ದ ಅಮೆರಿಕದ ಜೇ ಕುಕ್ ಬ್ಯಾಂಕು ಮುಳುಗಿದ ಮೇಲೆ ಈ ಭಯ ಬರೀ ಕಾಗದದ ಮಾತಾಗಿ ಉಳಿಯಲಿಲ್ಲ.

ಈ ಭಯಕ್ಕೊಂದು ಮದ್ದು 'ಕಾರ್ ಟ್ರಸ್ಟ್' (ಇಲ್ಲಿ 'ಕಾರ್' ಎಂದರೆ ರೈಲ್ವೆ ವ್ಯಾಗನ್). ವ್ಯಾಗನ್‌ನ ಒಡೆತನ ಟ್ರಸ್ಟಿನ ಹೆಸರಿನಲ್ಲಿ. ರೈಲ್ವೆಯದು ಬಾಡಿಗೆ, ಅದೂ ಕಂತಿನಲ್ಲಿ. ಕೊನೆಯ ಕಂತು ತೀರಿದ ಮೇಲಷ್ಟೇ ವ್ಯಾಗನ್ ಅದರ ಸ್ವಂತದ್ದು. ರೈಲ್ವೆಗೆ ಸಾಲ ಕೊಟ್ಟವರು ಜಪ್ತಿಗೆ ಬಂದರೆ ತೋರಿಸಲೆಂದು ಮಾಲೀಕನ ಹೆಸರಿನ ಪುಟ್ಟ ಲೋಹದ ಫಲಕವನ್ನು ವ್ಯಾಗನ್‌ನ ಪಕ್ಕಕ್ಕೇ ಬಡಿಯುತ್ತಿದ್ದರು!

ಇನ್ನು ಫ್ರೀಯರ್ ಮೊದಲು ಹೆಕರ್ ಕೈಕೆಳಗೆ ರೈಲ್ವೆಯಲ್ಲಿ ಸಂಬಳ ಬಟವಾಡೆ ನೋಡಿಕೊಳ್ಳುತ್ತಿದ್ದವರು. ಲೆಕ್ಕ ಬಲ್ಲವನನ್ನೇ ಹೆಕರ್ ಜೊತೆಗಿಟ್ಟುಕೊಂಡದ್ದು ಜಾಣತನವೆಂದೇ ನನ್ನ ಎಣಿಕೆ. 1899ರಲ್ಲಿ ಅವರ ಉದ್ಯಮ ಅಮೆರಿಕನ್ ಕಾರ್ ಅಂಡ್ ಫೌಂಡ್ರಿ ಕಂಪನಿಯಲ್ಲಿ ವಿಲೀನವಾಯಿತು. ಮೊದಲಿನಿಂದಲೂ ಕಲಾಕೃತಿ ಕೂಡಿಡುತ್ತಿದ್ದ ಫ್ರೀಯರ್ ಆಮೇಲೆ ಪೂರ್ತಿಯಾಗಿ ಅವುಗಳ ಬೆನ್ನು ಹತ್ತಿದರು. ವಾಷಿಂಗ್ಟನ್‌ನಲ್ಲಿರುವ ಫ್ರೀಯರ್ ಗ್ಯಾಲರಿ ಹುಟ್ಟಿದ್ದು ಅವರದೇ ಸಂಗ್ರಹದಿಂದ.

ಆ ಕಾಲದ ಪತ್ರ ಓದುವಾಗ ದಿನಾಂಕಕ್ಕಿಂತ ಮೊದಲು ನೋಟಿನ ವಾಯಿದೆ ನೋಡಿ. ಬರೆದವರ ಆತುರ ಅಲ್ಲೇ ತಿಳಿಯುತ್ತದೆ.